ಬೇಕರಿ ಓವನ್‌ನ ‘ಎಸ್.ಬಿ.ಆರ್.’ ಸಂಕೇತ: ಸೆನ್ಸರ್ ಬದಲಿಸುವ ಮೊದಲು ದೋಷ ಹುಡುಕುವ ಕ್ರಮ

ವಿದ್ಯುತ್ ಡೆಕ್ ಓವನ್‌ನ (ಒಂದರ ಮೇಲೊಂದು ಬೇಯಿಸುವ ಅಂತಸ್ತುಗಳಿರುವ ಓವನ್) ತಾಪಮಾನ ನಿಯಂತ್ರಿಸುವ ಕಂಟ್ರೋಲರ್ ಮೇಲೆ ಡಿಗ್ರಿಯ ಅಂಕಿ ಕಾಣಬೇಕಾದ ಜಾಗದಲ್ಲಿ ‘ಎಸ್.ಬಿ.ಆರ್.’ ಎಂಬ ಮೂರು ಅಕ್ಷರಗಳು ಮಿನುಗತೊಡಗಿ ಹೀಟರ್‌ಗಳು ತಾವಾಗಿಯೇ ನಿಂತುಹೋದರೆ, ಬಹುಪಾಲು ಬೇಕರಿಗಳಲ್ಲಿ ಮೊದಲು ಆಗುವ ಕೆಲಸ ತಾಪಮಾನ ಅಳೆಯುವ ಸೆನ್ಸರ್‌ನ ಬದಲಾವಣೆ. ಆ ಅಕ್ಷರಗಳ ಪೂರ್ಣರೂಪವೇ ‘ಸೆನ್ಸರ್ ಬ್ರೇಕ್’ ಆಗಿರುವುದರಿಂದ ಹಾಗೆ ಮಾಡುವವರನ್ನು ದೂರುವಂತಿಲ್ಲ. ಆದರೆ ಕಂಟ್ರೋಲರ್‌ಗೆ ಸೆನ್ಸರ್ ಕಾಣುವುದಿಲ್ಲ. ಅದಕ್ಕೆ ಗೊತ್ತಾಗುವುದು ತನ್ನ ಬೆನ್ನಿನಲ್ಲಿರುವ ಎರಡು ಟರ್ಮಿನಲ್‌ಗಳ ನಡುವಿನ ದಾರಿ ಕಡಿದಿದೆ ಎಂಬುದಷ್ಟೇ. ಆ ದಾರಿಯಲ್ಲಿ ಟರ್ಮಿನಲ್‌ನ ಸ್ಕ್ರೂ ಇದೆ, ಪ್ಯಾನೆಲ್ ಒಳಗಿನ ತಂತಿಯಿದೆ, ಪಿಂಗಾಣಿ ಕನೆಕ್ಟರ್ ಇದೆ, ಓವನ್‌ನ ಪಕ್ಕದ ತಗಡಿನ ಹಿಂದೆ ಹಾದು ಬರುವ ಕೇಬಲ್ ಇದೆ, ಎಲ್ಲಕ್ಕೂ ಕೊನೆಯಲ್ಲಿ ಸೆನ್ಸರ್ ಇದೆ. ಇವುಗಳಲ್ಲಿ ಯಾವುದು ಬಿಟ್ಟುಕೊಂಡರೂ ಪರದೆಯ ಮೇಲೆ ಬರುವುದು ಅದೇ ಮೂರು ಅಕ್ಷರ. ಕೆಲವು ತಯಾರಕರ ಕಂಟ್ರೋಲರ್‌ಗಳು ಇದನ್ನೇ ‘ಓಪನ್’ ಎಂದೋ ಬರಿಯ ಅಡ್ಡಗೆರೆಗಳಾಗಿಯೋ ತೋರಿಸುತ್ತವೆ, ಅರ್ಥದಲ್ಲಿ ವ್ಯತ್ಯಾಸವಿಲ್ಲ.

ತುಮಕೂರಿನ ಒಂದು ಬೇಕರಿಯಲ್ಲಿ ನಾನು ಕಂಡ ಪ್ರಕರಣವನ್ನು ಆಧಾರವಾಗಿಟ್ಟುಕೊಂಡು ಈ ಕ್ರಮವನ್ನು ಬರೆಯುತ್ತಿದ್ದೇನೆ. ಅದು ಎರಡು ಡೆಕ್‌ಗಳ, 9 ಕಿಲೋವ್ಯಾಟ್‌ನ, ಮೂರು ಫೇಸ್ ಓವನ್. ಪ್ರತಿ ಡೆಕ್‌ಗೂ ಒಂದೊಂದು ಕಂಟ್ರೋಲರ್, ಒಂದೊಂದು ಕೆ ಮಾದರಿಯ ಥರ್ಮೋಕಪಲ್ ಸೆನ್ಸರ್. ಬೆಳಗಿನ ಜಾವ ನಾಲ್ಕಕ್ಕೆ ಓವನ್ ಹಾಕಿದರೆ ಮೇಲಿನ ಡೆಕ್ ಸರಿಯಾಗಿಯೇ ಕಾಯತೊಡಗುತ್ತಿತ್ತು. 180 ಡಿಗ್ರಿ ದಾಟುವ ಹೊತ್ತಿಗೆ ಸಂಕೇತ ಬಂದು ಹೀಟರ್ ನಿಲ್ಲುತ್ತಿತ್ತು. ಮುಕ್ಕಾಲು ಗಂಟೆ ಆರಲು ಬಿಟ್ಟರೆ ಅಂಕಿ ತಾನಾಗಿ ಮರಳುತ್ತಿತ್ತು. ಅಷ್ಟರಲ್ಲಿ ಉಬ್ಬಿ ನಿಂತಿದ್ದ ಬನ್ನಿನ ಹಿಟ್ಟು ಕುಸಿದು, ಇಡೀ ಟ್ರೇಗಳು ಹಾಳಾಗುತ್ತಿದ್ದವು. “ಎರಡು ಸಲ ಹೊಸ ಸೆನ್ಸರ್ ಹಾಕಿಸಿದ್ದೀನಿ ಸಾರ್, ಕಂಟ್ರೋಲರ್ರೇ ಹೋಗಿದೆ ಅಂತಾರೆ, ಅದನ್ನೂ ತರಿಸಲಾ?” ಎಂದು ಮಾಲೀಕರು ಕೇಳಿದರು. ತರಿಸುವುದು ಬೇಡ, ಮೊದಲು ಅಳೆದು ನೋಡೋಣ ಎಂದೆ.

ಸಂಕೇತ ಹುಟ್ಟುವ ಬಗೆ

ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿಯನ್ನು ಬೆಸೆದು, ಆ ಬೆಸುಗೆಗೆ ಶಾಖ ಕೊಟ್ಟರೆ ಇನ್ನೊಂದು ತುದಿಯಲ್ಲಿ ಬಹಳ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಥಾಮಸ್ ಸೀಬೆಕ್ 1821ರಲ್ಲಿ ಗಮನಿಸಿದ ಈ ಗುಣದ ಮೇಲೆಯೇ ಥರ್ಮೋಕಪಲ್ ನಿಂತಿದೆ. ಕೆ ಮಾದರಿಯಲ್ಲಿ ಒಂದು ತಂತಿ ಕ್ರೋಮೆಲ್, ಇನ್ನೊಂದು ಅಲುಮೆಲ್. ಇವೆರಡರ ಜೋಡಿ ಡಿಗ್ರಿಯೊಂದಕ್ಕೆ ಸರಿಸುಮಾರು 41 ಮೈಕ್ರೋವೋಲ್ಟ್ ಕೊಡುತ್ತದೆ. ಅಂದರೆ ಬನ್ನು ಬೇಯುವ 200 ಡಿಗ್ರಿಯಲ್ಲಿ ಸಿಗುವುದು ಕೇವಲ 8 ಮಿಲಿವೋಲ್ಟ್ ಚಿಲ್ಲರೆ. ಇಷ್ಟು ಬಡಕಲು ಸಂಜ್ಞೆಯನ್ನು ಹೊತ್ತು ತರುವ ತಂತಿಯ ಪಕ್ಕದಲ್ಲೇ 415 ವೋಲ್ಟ್‌ನ ಕಾಂಟ್ಯಾಕ್ಟರ್ (ಹೀಟರ್‌ಗಳಿಗೆ ಕರೆಂಟು ಕೊಟ್ಟು ಬಿಡಿಸುವ ಸ್ವಿಚ್) ಟಕ್ಕೆಂದು ಬಡಿಯುತ್ತಿರುತ್ತದೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಸಡಿಲವಾದ ಒಂದು ಸ್ಕ್ರೂ ಕೂಡ ಏಕೆ ದೊಡ್ಡ ತೊಂದರೆ ಮಾಡುತ್ತದೆ ಎಂಬುದು ಅರ್ಥವಾಗುತ್ತದೆ.

ತಂತಿ ಕಡಿದಾಗ ಈ ವೋಲ್ಟೇಜ್ ಇಲ್ಲವಾಗುತ್ತದೆ. ಕಂಟ್ರೋಲರ್ ಅದನ್ನು ‘ಓವನ್ ತಣ್ಣಗಿದೆ’ ಎಂದು ತಿಳಿದುಕೊಂಡರೆ ಹೀಟರ್‌ಗಳನ್ನು ನಿಲ್ಲಿಸದೆ ಉರಿಸುತ್ತಲೇ ಹೋಗುತ್ತದೆ. ಹಾಗಾಗದಿರಲೆಂದು ತಯಾರಕರು ಸೆನ್ಸರ್‌ನ ದಾರಿಯಲ್ಲಿ ಅತ್ಯಲ್ಪ ಕರೆಂಟನ್ನು ಹರಿಸುವ ವ್ಯವಸ್ಥೆ ಮಾಡಿರುತ್ತಾರೆ. ದಾರಿ ಕಡಿದ ಕೂಡಲೇ ಆ ಕರೆಂಟು ಹರಿಯಲು ಜಾಗವಿಲ್ಲದೆ ಟರ್ಮಿನಲ್‌ನ ವೋಲ್ಟೇಜ್ ಮೇಲಕ್ಕೇರುತ್ತದೆ, ಅಂಕಿ ಅಳತೆಯ ಮಿತಿಯನ್ನು ಮೀರುತ್ತದೆ, ಕಂಟ್ರೋಲರ್ ಹೀಟರ್ ಔಟ್‌ಪುಟ್ ನಿಲ್ಲಿಸಿ ಸಂಕೇತ ತೋರಿಸುತ್ತದೆ. ಓವನ್ ನಿಂತಿದ್ದು ಕೆಟ್ಟದ್ದರಿಂದಲ್ಲ, ಕಟ್ಟಡಕ್ಕೆ ಬೆಂಕಿ ಬೀಳದಂತೆ ನೋಡಿಕೊಳ್ಳುವ ಸಲುವಾಗಿ.

ಈ ಕಾರಣಕ್ಕೆ ಒಂದು ಮಾತನ್ನು ಒತ್ತಿ ಹೇಳಬೇಕು. ಆ ದಿನದ ಆರ್ಡರ್ ಮುಗಿಸುವ ಆತುರದಲ್ಲಿ ಸೆನ್ಸರ್ ಟರ್ಮಿನಲ್‌ಗಳಿಗೆ ತಂತಿಯ ತುಂಡು ಸಿಕ್ಕಿಸಿ ಓವನ್ ಓಡಿಸುವುದನ್ನು, ಇಲ್ಲವೇ ಕಾಂಟ್ಯಾಕ್ಟರ್‌ಗೆ ಕಡ್ಡಿ ಒತ್ತರಿಸಿ ಹೀಟರ್ ಹಿಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಂತಿ ಸಿಕ್ಕಿಸಿದಾಗ ಪರದೆಯ ಮೇಲೆ ಸದಾ ಕೋಣೆಯ ತಾಪಮಾನವೇ ನಿಲ್ಲುತ್ತದೆ. ಕಂಟ್ರೋಲರ್ ಓವನ್ ಕಾದೇ ಇಲ್ಲವೆಂದು ನಂಬಿ ಹೀಟರ್‌ಗಳನ್ನು ಬಿಡುವುದೇ ಇಲ್ಲ. ಪಕ್ಕದಲ್ಲಿ ಎಣ್ಣೆ, ಡಾಲ್ಡಾ, ಮೈದಾ ಚೀಲಗಳಿರುವ ಜಾಗದಲ್ಲಿ ಇದನ್ನು ಒಂದು ಬ್ಯಾಚಿಗೂ ಮಾಡಬಾರದು.

ಕೈ ಹಾಕುವ ಮುನ್ನ

ಓವನ್‌ಗೆ ಕರೆಂಟು ಕಡಿಯುವ ಪ್ರತ್ಯೇಕ ಸ್ವಿಚ್ಚನ್ನು, ಅಂದರೆ ಎಂಸಿಬಿಯನ್ನು ಇಳಿಸಿ, ಯಾರೂ ಮತ್ತೆ ಎತ್ತದಂತೆ ಬೋರ್ಡಿನ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿಟ್ಟುಕೊಳ್ಳಬೇಕು. ಬೇಕರಿಯಲ್ಲಿ ಕೆಲಸದವರು ಪಾಳಿಯ ಮೇಲೆ ಬರುತ್ತಾರೆ. ಒಳಗೆ ಯಾರೋ ಕೈಯಿಟ್ಟಿದ್ದಾರೆಂದು ಹೊಸದಾಗಿ ಬಂದ ಹುಡುಗನಿಗೆ ತಿಳಿದಿರುವುದಿಲ್ಲ. ನಂತರ ಪ್ಯಾನೆಲ್ ತೆರೆದು, ಮೂರೂ ಫೇಸ್‌ಗಳನ್ನು ಒಂದಕ್ಕೊಂದು ಮತ್ತು ಪ್ರತಿಯೊಂದನ್ನೂ ನ್ಯೂಟ್ರಲ್‌ಗೆ ಮತ್ತು ಅರ್ಥಿಂಗ್‌ಗೆ ಇಟ್ಟು ಮಲ್ಟಿಮೀಟರ್‌ನಿಂದ ನೋಡಬೇಕು. ದೀಪದ ಟೆಸ್ಟರ್ ಒಂದನ್ನೇ ನಂಬಿ ಕೈ ಹಾಕುವುದು ಸಲ್ಲದು. ಮೂರು ಫೇಸ್‌ಗಳ ಕೆಲಸದ ಅನುಭವ ಮತ್ತು ಪರವಾನಗಿ ಇಲ್ಲದವರು ಮುಂದಿನ ಕೆಲಸವನ್ನು ತಾವೇ ಮಾಡದೆ, ಇವುಗಳನ್ನು ಅರಿತು ತಮ್ಮ ಎಲೆಕ್ಟ್ರಿಷಿಯನ್ ಜೊತೆ ನಿಂತು ಮಾಡಿಸುವುದು ಒಳ್ಳೆಯದು.

ಉಪಕರಣಗಳು ಹೆಚ್ಚೇನೂ ಬೇಕಿಲ್ಲ. 200 ಮಿಲಿವೋಲ್ಟ್ ಮತ್ತು 200 ಓಮ್ ಅಳೆಯುವ ಒಂದು ಮಲ್ಟಿಮೀಟರ್, ಗಿಡ್ಡನೆಯ ತಾಮ್ರದ ತಂತಿಯ ತುಂಡು, ಸಣ್ಣ ಅಯಸ್ಕಾಂತ, ಟಾರ್ಚು, ಒಂದು ಚೊಂಬು ಕುದಿಯುವ ನೀರು ಸಾಕು.

ಸಂಕೇತ ಬರುವ ಹೊತ್ತು

ಅಳತೆಗೆ ತೊಡಗುವ ಮುಂಚೆ ಓವನ್ ಬಳಸುವವರನ್ನು ಕೂರಿಸಿಕೊಂಡು ಸಂಕೇತ ಯಾವಾಗ ಬರುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ಕೇಳಬೇಕು. ದೋಷ ಎಲ್ಲಿದೆ ಎಂಬುದರ ಅರ್ಧದಷ್ಟು ಸುಳಿವು ಈ ಉತ್ತರದಲ್ಲೇ ಸಿಗುತ್ತದೆ ಎಂಬುದು ನನ್ನ ಅನುಭವ.

ತಣ್ಣಗಿರುವ ಓವನ್ ಹಾಕಿದ ಕ್ಷಣದಿಂದಲೇ ಸಂಕೇತವಿದ್ದು ಒಮ್ಮೆಯೂ ಹೋಗದಿದ್ದರೆ ದಾರಿ ಪೂರ್ತಿ ಕಡಿದಿದೆ. ಇದು ಹುಡುಕಲು ಎಲ್ಲಕ್ಕಿಂತ ಸುಲಭ. ಓವನ್ ಕಾದ ಮೇಲೆ ಬಂದು, ಆರಿದ ಮೇಲೆ ಹೋಗುವುದಾದರೆ ಎಲ್ಲೋ ಒಂದೆಡೆ ಲೋಹ ಹಿಗ್ಗಿದಾಗ ಬಾಯಿ ಬಿಡುವ ಸೀಳು ಅಥವಾ ಸಡಿಲ ಜೋಡಣೆ ಇದೆ. ಬಾಗಿಲು ತೆರೆದು ಮುಚ್ಚಿದಾಗ, ಟ್ರೇ ತಳ್ಳಿದಾಗ ಬರುವುದಾದರೆ ಅಲುಗಾಟಕ್ಕೆ ಸಿಕ್ಕುವ ಜಾಗವನ್ನು ಹುಡುಕಬೇಕು, ಬಹುಪಾಲು ಅದು ಸೆನ್ಸರ್‌ನ ಕುತ್ತಿಗೆಯಲ್ಲಿ ತಂತಿ ಹೊರಬರುವ ಸ್ಥಳ. ಇನ್ನು ಕಾಂಟ್ಯಾಕ್ಟರ್ ಎಳೆದುಕೊಂಡ ಗಳಿಗೆಯಲ್ಲೇ ಅಂಕಿ ಹುಚ್ಚುಹುಚ್ಚಾಗಿ ಕುಣಿದು ಸಂಕೇತ ಬಂದು, ಕಾಂಟ್ಯಾಕ್ಟರ್ ಬಿಟ್ಟೊಡನೆ ಸರಿಹೋಗುತ್ತಿದ್ದರೆ ಸೆನ್ಸರ್‌ನ ತಂತಿ ಕಡಿದಿಲ್ಲ ಎಂದೇ ತಿಳಿಯಬೇಕು. ಅದು ಹೀಟರ್ ಸೋರಿಕೆಯ ಅಥವಾ ವೈರಿಂಗ್‌ನ ಕಥೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ತುಮಕೂರಿನ ಓವನ್ ಎರಡನೆಯ ಬಗೆಯದು. ಹೊಸ ಸೆನ್ಸರ್ ಹಾಕಿದಾಗ ಹದಿನೈದು ದಿನ ಸರಿಯಿದ್ದು ಆಮೇಲೆ ಮತ್ತೆ ಶುರುವಾಗುತ್ತಿತ್ತು ಎಂಬುದು ಮಾಲೀಕರು ಕೊಟ್ಟ ಇನ್ನೊಂದು ಸುಳಿವು. ಸೆನ್ಸರ್ ಬದಲಿಸುವಾಗ ಕೇಬಲ್ ಅನ್ನು ಎಳೆದಾಡುವುದು ಅನಿವಾರ್ಯ; ಹಾಗೆ ಎಳೆದಾಗ ಕಡಿದ ತುದಿಗಳು ಸ್ವಲ್ಪ ಕಾಲ ಒಂದಕ್ಕೊಂದು ಮುಟ್ಟಿಕೊಂಡಿದ್ದಿರಬೇಕು ಎಂದು ಆಗಲೇ ನನಗೆ ಶಂಕೆ ಮೂಡಿತ್ತು.

ಕಂಟ್ರೋಲರ್ ಸರಿಯಿದೆಯೇ

ಮೊದಲು ಕಂಟ್ರೋಲರ್‌ನ ಮೇಲಿನ ಅನುಮಾನವನ್ನು ಕಳೆದುಕೊಳ್ಳಬೇಕು, ಏಕೆಂದರೆ ಇದಕ್ಕೆ ಎರಡೇ ನಿಮಿಷ ಸಾಕು. ಮುಖ್ಯ ಎಂಸಿಬಿ ಇಳಿದಿರುವಾಗಲೇ ಸೆನ್ಸರ್‌ನ ಎರಡೂ ತಂತಿಗಳನ್ನು ಕಂಟ್ರೋಲರ್‌ನಿಂದ ಬಿಚ್ಚಿ, ಆ ಎರಡು ಟರ್ಮಿನಲ್‌ಗಳ ನಡುವೆ ತಾಮ್ರದ ತಂತಿಯ ತುಂಡನ್ನು ಬಿಗಿಯಬೇಕು. ಆಮೇಲೆ ಹೀಟರ್‌ಗಳಿಗೆ ಹೋಗುವ ಎಂಸಿಬಿಗಳನ್ನು ಇಳಿಸಿಯೇ ಇಟ್ಟು, ಕಂಟ್ರೋಲ್ ಸಪ್ಲೈ ಒಂದನ್ನೇ ಕೊಡಬೇಕು. ಹೀಟರ್‌ಗೆ ಪ್ರತ್ಯೇಕ ಎಂಸಿಬಿ ಇಲ್ಲದ ಓವನ್‌ಗಳಲ್ಲಿ ಕಾಂಟ್ಯಾಕ್ಟರ್‌ನ ಕಾಯಿಲ್ ತಂತಿಯನ್ನು ಬಿಚ್ಚಿ ಟೇಪು ಸುತ್ತಿದ ಹೊರತು ಈ ಪರೀಕ್ಷೆಯನ್ನು ಮಾಡಲೇಬಾರದು.

ಕಂಟ್ರೋಲರ್ ಸರಿಯಿದ್ದರೆ ಪರದೆಯ ಮೇಲೆ ಪ್ಯಾನೆಲ್ ಒಳಗಿನ ತಾಪಮಾನ ಬರುತ್ತದೆ. ಬೆಳಗಿನ ಹೊತ್ತು 26, ಮಧ್ಯಾಹ್ನ ಓವನ್ ಪಕ್ಕದಲ್ಲಿ 35 ಹೀಗೆ ಏನಾದರೂ ಇರಬಹುದು. ತಂತಿ ಸಿಕ್ಕಿಸಿದ್ದಕ್ಕೆ ಸೊನ್ನೆ ಏಕೆ ಬರಲಿಲ್ಲ ಎಂದು ಕೆಲವರು ಗಾಬರಿಯಾಗುತ್ತಾರೆ. ಥರ್ಮೋಕಪಲ್ ಅಳೆಯುವುದು ತನ್ನ ಎರಡು ತುದಿಗಳ ನಡುವಿನ ಅಂತರವನ್ನು ಮಾತ್ರ. ಟರ್ಮಿನಲ್ ಬಳಿಯ ತಾಪಮಾನವನ್ನು ಕಂಟ್ರೋಲರ್ ತಾನೇ ಅಳೆದು ಅದಕ್ಕೆ ಕೂಡಿಸುತ್ತದೆ. ತಂತಿ ಸಿಕ್ಕಿಸಿದಾಗ ಅಂತರ ಸೊನ್ನೆ, ಉಳಿಯುವುದು ಕೂಡಿಸಿದ ಭಾಗ. ತಂತಿಯಿದ್ದೂ ‘ಎಸ್.ಬಿ.ಆರ್.’ ಹೋಗದಿದ್ದರೆ ಮೊದಲು ಮೆನುವಿನಲ್ಲಿ ಸೆನ್ಸರ್ ಮಾದರಿ ಬದಲಾಗಿದೆಯೇ ಎಂದು ನೋಡಿ, ಅದೂ ಸರಿಯಿದ್ದರೆ ಆಗ ಮಾತ್ರ ಕಂಟ್ರೋಲರ್ ಕೆಟ್ಟಿದೆ ಎನ್ನಬೇಕು.

ಎರಡು ಡೆಕ್‌ಗಳ ಓವನ್‌ನಲ್ಲಿ ಇದಕ್ಕಿಂತ ಗಟ್ಟಿಯಾದ ಇನ್ನೊಂದು ಪರೀಕ್ಷೆ ಇದೆ. ಎರಡೂ ಕಂಟ್ರೋಲರ್‌ಗಳು ಒಂದೇ ಮಾದರಿಯವಾಗಿದ್ದರೆ, ಮೇಲಿನ ಡೆಕ್‌ನ ಸೆನ್ಸರ್ ತಂತಿಗಳನ್ನು ಕೆಳಗಿನ ಕಂಟ್ರೋಲರ್‌ಗೂ ಕೆಳಗಿನವನ್ನು ಮೇಲಿನದಕ್ಕೂ ಅದಲು ಬದಲು ಮಾಡಬೇಕು. ಸಂಕೇತ ತಂತಿಯ ಜೊತೆ ಜಾಗ ಬದಲಿಸಿತೇ, ಅಥವಾ ಹಳೆಯ ಕಂಟ್ರೋಲರ್‌ನಲ್ಲೇ ಉಳಿಯಿತೇ ಎಂಬುದನ್ನು ನೋಡಿದರೆ ಸಾಕು. ಕಾದ ಮೇಲೆ ಬರುವ ದೋಷಕ್ಕೆ ಇದು ಬಹಳ ಉಪಯುಕ್ತ, ಏಕೆಂದರೆ ಆ ದೋಷ ತಣ್ಣಗಿನ ಪರೀಕ್ಷೆಗಳಿಗೆ ಸಿಕ್ಕಿಬೀಳುವುದಿಲ್ಲ. ಆದರೆ ತಂತಿಗಳು ಅದಲು ಬದಲಾಗಿರುವಾಗ ಒಂದು ಡೆಕ್‌ನ ಅಂಕಿಯನ್ನು ನೋಡಿ ಇನ್ನೊಂದು ಡೆಕ್‌ನ ಹೀಟರ್ ನಡೆಯುತ್ತಿರುತ್ತದೆ. ಆದ್ದರಿಂದ ಎರಡಕ್ಕೂ 150 ಡಿಗ್ರಿಯಷ್ಟೇ ಕೊಟ್ಟು, ಒಳಗೆ ಮಾಲು ಇಡದೆ, ಪಕ್ಕದಲ್ಲೇ ನಿಂತು ನೋಡಬೇಕು. ದೋಷ ಅದಕ್ಕಿಂತ ಮೇಲೆ ಮಾತ್ರ ಬರುವುದಾದರೆ ಹಂತಹಂತವಾಗಿ ಏರಿಸಬೇಕು. ತುಮಕೂರಿನಲ್ಲಿ ಹೀಗೆ ಮಾಡಿದಾಗ ಸಂಕೇತ ಕೆಳಗಿನ ಕಂಟ್ರೋಲರ್‌ಗೆ ಬಂತು. ಮೇಲಿನ ಕಂಟ್ರೋಲರ್ ನಿರ್ದೋಷಿ ಎಂಬುದು ಅಲ್ಲಿಗೆ ಖಚಿತವಾಗಿ, ಮಾಲೀಕರಿಗೆ ಒಂದು ಕಂಟ್ರೋಲರ್‌ನ ಖರ್ಚು ಉಳಿಯಿತು.

ದಾರಿಯನ್ನು ತುಂಡುತುಂಡಾಗಿ ಅಳೆಯುವುದು

ಕಂಟ್ರೋಲರ್‌ನಿಂದ ಬಿಚ್ಚಿದ ಎರಡು ತಂತಿಗಳ ನಡುವೆ, ಓವನ್ ಪೂರ್ತಿ ತಣ್ಣಗಿರುವಾಗ ಓಮ್ ಅಳೆಯಬೇಕು. ತಂತಿಯ ಉದ್ದ ಮತ್ತು ದಪ್ಪವನ್ನು ಅನುಸರಿಸಿ ಕೆಲವು ಓಮ್‌ಗಳಿಂದ ಕೆಲವು ಹತ್ತು ಓಮ್‌ಗಳವರೆಗೆ ಬರಬಹುದು. ಎಷ್ಟು ಬಂತು ಎಂಬುದಕ್ಕಿಂತ, ಬಂದ ಅಂಕಿ ನಿಂತಲ್ಲೇ ನಿಲ್ಲುತ್ತದೆಯೇ ಎಂಬುದು ಮುಖ್ಯ. ಕಾದಿರುವ ಓವನ್‌ನಲ್ಲಿ ಓಮ್ ಅಳೆದರೆ ಥರ್ಮೋಕಪಲ್ ತಾನೇ ಹುಟ್ಟಿಸುವ ವೋಲ್ಟೇಜ್ ಮೀಟರ್‌ನ ಲೆಕ್ಕವನ್ನು ಕೆಡಿಸುತ್ತದೆ; ಮೀಟರ್‌ನ ಎರಡು ಕಡ್ಡಿಗಳನ್ನು ಅದಲು ಬದಲು ಮಾಡಿದಾಗ ಬೇರೆ ಬೇರೆ ಅಂಕಿ ಬಂದರೆ ಅದೇ ಕಾರಣ. ಕಾದಾಗ ಮಿಲಿವೋಲ್ಟ್ ಅಳೆಯಬೇಕು, ತಣಿದಾಗ ಓಮ್ ಅಳೆಯಬೇಕು.

ಮಿಲಿವೋಲ್ಟ್‌ಗೆ ಒಂದು ಹೋಲಿಕೆ ಕೊಡುತ್ತೇನೆ. ಡೆಕ್ 200 ಡಿಗ್ರಿಯಲ್ಲಿದ್ದು ಪ್ಯಾನೆಲ್ 30 ಡಿಗ್ರಿಯಲ್ಲಿದ್ದರೆ ಸರಿಯಾದ ಕೆ ಮಾದರಿಯ ಸೆನ್ಸರ್‌ನಿಂದ 6.9 ಮಿಲಿವೋಲ್ಟ್ ಬರಬೇಕು. ಸೆನ್ಸರ್ ಅನ್ನು ಹೊರಗೆ ತೆಗೆದು ನೋಡುವುದಾದರೆ ಕುದಿಯುವ ನೀರು ಒಳ್ಳೆಯ ಅಳತೆಗೋಲು: ಸೆನ್ಸರ್ ಅನ್ನು ಕಂಟ್ರೋಲರ್‌ಗೇ ಜೋಡಿಸಿ, ತುದಿಯನ್ನು ಚೊಂಬಿನ ತಳಕ್ಕೆ ತಾಗದಂತೆ ನೀರಿನಲ್ಲಿ ಹಿಡಿದರೆ ಮಂಗಳೂರಿನಲ್ಲಿ 100ರ ಆಸುಪಾಸು, ಬೆಂಗಳೂರು ಅಥವಾ ತುಮಕೂರಿನ ಎತ್ತರದಲ್ಲಿ 97ರ ಆಸುಪಾಸು ತೋರಿಸಬೇಕು. ಬಯಲುಸೀಮೆಯ ಎತ್ತರದ ಊರುಗಳಲ್ಲಿ 97 ಬಂದಿದ್ದಕ್ಕೆ ಕಂಟ್ರೋಲರ್‌ನ ಅಂಕಿಯನ್ನು ಮೂರು ಡಿಗ್ರಿ ತಿದ್ದಿ ‘ಸರಿಪಡಿಸುವ’ ತಪ್ಪನ್ನು ಮಾಡಬಾರದು; ಅಲ್ಲಿ ನೀರು ಕುದಿಯುವುದೇ ಅಷ್ಟಕ್ಕೆ.

ಇನ್ನು ದಾರಿಯನ್ನು ಭಾಗ ಮಾಡುವುದು. ಪಿಂಗಾಣಿ ಕನೆಕ್ಟರ್ ಬಳಿ ಬಿಚ್ಚಿದರೆ ಒಂದು ಕಡೆ ಸೆನ್ಸರ್, ಇನ್ನೊಂದು ಕಡೆ ಪ್ಯಾನೆಲ್‌ಗೆ ಹೋಗುವ ಕೇಬಲ್ ಉಳಿಯುತ್ತದೆ. ಸೆನ್ಸರ್ ಕಡೆ ಓಮ್ ಬಂದು, ಕೇಬಲ್‌ನ ದೂರದ ತುದಿಗಳನ್ನು ಕೂಡಿಸಿ ಅಳೆದಾಗ ಬಾರದಿದ್ದರೆ ದೋಷ ಕೇಬಲ್‌ನಲ್ಲಿದೆ. ಈ ಹಂತದಲ್ಲಿ ಕಣ್ಣಿಗೂ ಕೆಲಸ ಕೊಡಬೇಕು. ಕನೆಕ್ಟರ್‌ನ ಹಿತ್ತಾಳೆ ತುಣುಕು ಹಸಿರುಗಟ್ಟಿದೆಯೇ, ಸ್ಕ್ರೂ ಕೆಳಗೆ ಹಿಟ್ಟಿನ ಧೂಳು ತುಪ್ಪದ ಜಿಡ್ಡಿನೊಡನೆ ಸೇರಿ ಕರಕಲಾಗಿ ಕೂತಿದೆಯೇ, ಇಲಿ ಕಚ್ಚಿದ ಗುರುತಿದೆಯೇ ಎಂದು ನೋಡಬೇಕು. ಬೇಕರಿಯ ಓವನ್ ಹಿಂದಿನ ಬೆಚ್ಚನೆಯ ಸಂದಿಗಿಂತ ಇಲಿಗೆ ಪ್ರಿಯವಾದ ಜಾಗ ಮತ್ತೊಂದಿಲ್ಲ, ಎಣ್ಣೆ ಹೀರಿದ ಫೈಬರ್‌ಗ್ಲಾಸ್ ಹೊದಿಕೆಯನ್ನೂ ಅದು ಬಿಡುವುದಿಲ್ಲ.

ತುಮಕೂರಿನಲ್ಲಿ ಕನೆಕ್ಟರ್ ಶುಭ್ರವಾಗಿತ್ತು, ಸ್ಕ್ರೂಗಳು ಬಿಗಿಯಾಗಿದ್ದವು. ತಣ್ಣಗೆ ಅಳೆದಾಗ ಇಡೀ ದಾರಿಗೆ 6 ಓಮ್ ಚಿಲ್ಲರೆ, ಅದೂ ಅಲುಗದೆ ನಿಂತಿತ್ತು. ಇಲ್ಲಿಗೆ ಬಿಟ್ಟಿದ್ದರೆ ಎಲ್ಲವೂ ಸರಿಯಾಗಿದೆ ಎಂದೇ ಹೇಳಬೇಕಾಗುತ್ತಿತ್ತು. ಮೀಟರ್‌ನ ಕಡ್ಡಿಗಳನ್ನು ತಂತಿಗೆ ಕ್ಲಿಪ್ ಹಾಕಿ, ಕೆಲಸದ ಹುಡುಗನೊಬ್ಬನಿಗೆ ಅಂಕಿಯನ್ನು ಗಟ್ಟಿಯಾಗಿ ಓದುತ್ತಿರಲು ಹೇಳಿ, ನಾನು ಪಕ್ಕದ ತಗಡನ್ನು ಬಿಚ್ಚಿ ಕೇಬಲ್ ಅನ್ನು ಸೆನ್ಸರ್ ಕಡೆಯಿಂದ ಒಂದೊಂದು ಗೇಣು ಹಿಡಿದು, ಮೆಲ್ಲನೆ ಬಾಗಿಸುತ್ತಾ, ಸ್ವಲ್ಪವೇ ಎಳೆಯುತ್ತಾ ಬಂದೆ. “ಆರು... ಆರು... ಆರು ಪಾಯಿಂಟ್ ಎರಡು...” ಎಂದು ಓದುತ್ತಿದ್ದವನು ಮೂರನೆಯ ಗೇಣಿಗೆ ಬಂದಾಗ “ಒಂದು ಬಂತು ಸಾರ್, ಬರೀ ಒಂದು!” ಎಂದ. ಆ ಮೀಟರ್‌ನಲ್ಲಿ ಎಡತುದಿಗೆ ಒಂಟಿಯಾಗಿ ನಿಲ್ಲುವ 1 ಎಂದರೆ ದಾರಿ ಕಡಿದಿದೆ ಎಂದರ್ಥ. ಕೈ ಸಡಿಲ ಬಿಟ್ಟೆ, ಮತ್ತೆ ಆರು. ಹಿಡಿದು ಎಳೆದೆ, ಮತ್ತೆ ಒಂದು.

ಅಲ್ಲಿ ಕೇಬಲ್ ಅನ್ನು ಓವನ್‌ನ ಚೌಕಟ್ಟಿಗೆ ಹಿಡಿದಿಡಲು ತಗಡಿನ ಪಟ್ಟಿಯೊಂದಿತ್ತು. ಪಟ್ಟಿಯ ಅಂಚು ಹೊದಿಕೆಯನ್ನು ಒತ್ತಿ ಒಳಗಿನ ಒಂದು ಎಳೆಯನ್ನು ಕತ್ತರಿಸಿತ್ತು; ಹೊರಗಿನ ಫೈಬರ್‌ಗ್ಲಾಸ್ ಹೊದಿಕೆ ಮಾತ್ರ ಹಾಗೆಯೇ ಇದ್ದುದರಿಂದ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ತಣ್ಣಗಿದ್ದಾಗ ಕಡಿದ ತುದಿಗಳು ಮುಟ್ಟಿಕೊಂಡೇ ಇರುತ್ತಿದ್ದವು. ಓವನ್ ಕಾದು ಚೌಕಟ್ಟು ಹಿಗ್ಗಿದಾಗ ಪಟ್ಟಿ ಕೇಬಲ್ ಅನ್ನು ಕೂದಲೆಳೆಯಷ್ಟು ಎಳೆಯುತ್ತಿತ್ತು, ತುದಿಗಳು ದೂರವಾಗುತ್ತಿದ್ದವು. ಎರಡು ಸಲ ಬದಲಿಸಿದ್ದ ಸೆನ್ಸರ್‌ಗಳೆರಡೂ ಸರಿಯಾಗಿಯೇ ಇದ್ದವು.

ಕೇಬಲ್ ಹಾಕುವಾಗ ಆಗುವ ತಪ್ಪುಗಳು

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ತಪ್ಪು ರಿಪೇರಿಯಿಂದ ಸಂಕೇತ ಹೋಗುತ್ತದೆ, ಆದರೆ ಓವನ್ ಸುಳ್ಳು ಹೇಳತೊಡಗುತ್ತದೆ. ಸಂಕೇತ ಬಂದು ನಿಂತ ಓವನ್‌ಗಿಂತ, ಸುಮ್ಮನೆ ತಪ್ಪು ಅಂಕಿ ತೋರಿಸುತ್ತಾ ನಡೆಯುವ ಓವನ್ ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಡಿದ ಜಾಗಕ್ಕೆ ಕೈಗೆ ಸಿಕ್ಕ ತಾಮ್ರದ ವೈರ್ ಸೇರಿಸಿ ಉದ್ದ ಮಾಡುವುದು ಬಹಳ ಸಾಮಾನ್ಯವಾದ ತಪ್ಪು. ಹಾಗೆ ಮಾಡಿದಾಗ ಥರ್ಮೋಕಪಲ್‌ನ ತಣ್ಣನೆಯ ತುದಿ ಕಂಟ್ರೋಲರ್ ಬಳಿ ಇರದೆ, ತಾಮ್ರ ಸೇರಿದ ಜಾಗದಲ್ಲೇ ನಿಂತುಬಿಡುತ್ತದೆ. ಓವನ್ ಪಕ್ಕದ ತಗಡಿನೊಳಗೆ ಆ ಜೋಡಣೆ 80 ಡಿಗ್ರಿಯಲ್ಲಿದ್ದು ಕಂಟ್ರೋಲರ್ 35 ಡಿಗ್ರಿಯಲ್ಲಿದ್ದರೆ, ಪರದೆಯ ಅಂಕಿ ನಿಜಕ್ಕಿಂತ 45 ಡಿಗ್ರಿಯಷ್ಟು ಕಡಿಮೆ ಬರುತ್ತದೆ. ಕಂಟ್ರೋಲರ್ 200 ಎಂದು ನಂಬಿರುವಾಗ ಒಳಗೆ 245 ಇರುತ್ತದೆ. ಬನ್ನಿನ ತಲೆ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ, ಬೈಗುಳ ಹಿಟ್ಟು ಕಲಸಿದವನಿಗೆ ಬೀಳುತ್ತದೆ. ಆದ್ದರಿಂದ ಕೆ ಮಾದರಿಯ ಸೆನ್ಸರ್‌ಗೆ ಕೆ ಮಾದರಿಯದೇ ಕಾಂಪೆನ್ಸೇಟಿಂಗ್ ಕೇಬಲ್ (ಸೆನ್ಸರ್‌ನ ಲೋಹಗಳಿಗೆ ಹೊಂದುವ ತಂತಿ), ಕಂಟ್ರೋಲರ್‌ವರೆಗೂ ಅದೇ, ನಡುವೆ ಬೇರೆ ಲೋಹದ ತುಂಡಿಲ್ಲದೆ ಬರಬೇಕು.

ಧನ ಋಣ ತಪ್ಪುವುದು ಎರಡನೆಯದು. ಬಣ್ಣವನ್ನು ನಂಬಿದರೆ ಕೆಡುವುದು ಇಲ್ಲೇ: ಅಮೆರಿಕದ ಪದ್ಧತಿಯ ಕೆ ಕೇಬಲ್‌ನಲ್ಲಿ ಹಳದಿ ಧನ, ಕೆಂಪು ಋಣ, ಅಂತರರಾಷ್ಟ್ರೀಯ ಪದ್ಧತಿಯಲ್ಲಿ ಹಸಿರು ಧನ, ಬಿಳಿ ಋಣ. ಕೆಂಪು ಎಂದರೆ ಧನವೇ ಎಂಬ ಅಭ್ಯಾಸ ಇರುವವರು ಮೊದಲನೆಯದರಲ್ಲಿ ತಪ್ಪುತ್ತಾರೆ. ಅಯಸ್ಕಾಂತ ತಪ್ಪುವುದಿಲ್ಲ. ಸೆನ್ಸರ್‌ನ ಎರಡು ತಂತಿಗಳ ಬರಿ ತುದಿಗೆ ಅದನ್ನು ಹಿಡಿದರೆ ಕೆ ಮಾದರಿಯಲ್ಲಿ ಎಳೆತ ತೋರಿಸುವುದು ಅಲುಮೆಲ್, ಅದು ಋಣ. ಇನ್ನೊಂದು ಬಗೆಯ ಥರ್ಮೋಕಪಲ್ ಆದ ಜೆ ಮಾದರಿಯಲ್ಲಿ ಇದಕ್ಕೆ ತಿರುಗುಮುರುಗು: ಅಲ್ಲಿ ಎಳೆಯುವುದು ಕಬ್ಬಿಣ, ಅದು ಧನ. ಕಂಟ್ರೋಲರ್ ಬಳಿ ಒಂದೇ ಕಡೆ ಅದಲು ಬದಲಾದರೆ ಓವನ್ ಕಾದಂತೆಲ್ಲ ಅಂಕಿ ಇಳಿಯುತ್ತಾ ಹೋಗುವುದರಿಂದ ತಕ್ಷಣ ಗೊತ್ತಾಗುತ್ತದೆ. ಕೇಬಲ್‌ನ ಎರಡೂ ತುದಿಗಳಲ್ಲಿ ಅದಲು ಬದಲಾದರೆ ಅಂಕಿ ಮೇಲಕ್ಕೇ ಏರುತ್ತದೆ, ಆದರೆ ಮೇಲಿನ ಲೆಕ್ಕದಲ್ಲೇ ಹೇಳುವುದಾದರೆ 90 ಡಿಗ್ರಿಯಷ್ಟು ಕಡಿಮೆ ತೋರಿಸುತ್ತದೆ. ಎರಡು ತಪ್ಪು ಸೇರಿ ಒಂದು ಸರಿಯಾಗುತ್ತದೆಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ.

ಅಂಗಡಿಯಲ್ಲಿ ಕೆ ಇಲ್ಲವೆಂದು ಜೆ ಕೊಟ್ಟರೆ, ಅಥವಾ ಹೊಸ ಕಂಟ್ರೋಲರ್‌ನ ಮೆನು ಜೆಗೆ ಹೊಂದಿಸಿದ್ದರೆ, ಆಗಲೂ ಸಂಕೇತ ಬರುವುದಿಲ್ಲ. ಕೆ ಸೆನ್ಸರ್ ಇದ್ದು ಮೆನು ಜೆಯಲ್ಲಿದ್ದರೆ ನಿಜವಾದ 200 ಡಿಗ್ರಿಗೆ ಪರದೆ 160ಕ್ಕಿಂತ ತುಸು ಕಡಿಮೆ ತೋರಿಸುತ್ತದೆ. ಇದರ ಪರಿಣಾಮವೂ ಸುಟ್ಟ ಬನ್ನೇ.

ಕೆಲವು ಓವನ್‌ಗಳಲ್ಲಿ ಥರ್ಮೋಕಪಲ್ ಬದಲು ಮೂರು ತಂತಿಗಳ, ಶಾಖಕ್ಕೆ ತಕ್ಕಂತೆ ಓಮ್ ಬದಲಾಗುವ ಪಿಟಿ-100 ಸೆನ್ಸರ್ ಇರುತ್ತದೆ. ಅದರ ಪರೀಕ್ಷೆ ಇನ್ನೂ ಸುಲಭ: ಒಂದೇ ಬಣ್ಣದ ಎರಡು ತಂತಿಗಳ ನಡುವೆ ಒಂದು ಓಮ್‌ಗೂ ಕಡಿಮೆ ಅಥವಾ ಅದರ ಆಸುಪಾಸು, ಬೇರೆ ಬಣ್ಣದ ತಂತಿಗೂ ಇವುಗಳಿಗೂ ನಡುವೆ 25 ಡಿಗ್ರಿಯಲ್ಲಿ 110 ಓಮ್, ಕುದಿಯುವ ನೀರಿನಲ್ಲಿ 138ರ ಹತ್ತಿರ ಬರಬೇಕು. ಕಂಟ್ರೋಲರ್ ಪರೀಕ್ಷೆಗೆ ಇಲ್ಲಿ ಬರಿಯ ತಂತಿ ಸಲ್ಲದು; 110 ಓಮ್‌ನ ರೆಸಿಸ್ಟರ್ ಹಾಕಿ, ಉಳಿದ ಎರಡು ಟರ್ಮಿನಲ್‌ಗಳನ್ನು ಕೂಡಿಸಿದರೆ ಪರದೆ 26ರ ಸುತ್ತಮುತ್ತ ನಿಲ್ಲಬೇಕು.

ಹೀಟರ್ ಸೋರುತ್ತಿರುವಾಗ

ಕಾಂಟ್ಯಾಕ್ಟರ್ ಎಳೆದಾಗ ಮಾತ್ರ ಬರುವ ಸಂಕೇತಕ್ಕೆ ಮರಳುತ್ತೇನೆ. ಓವನ್‌ನ ಹೀಟರ್ ಎಂದರೆ ಸ್ಟೀಲ್ ಕೊಳವೆಯೊಳಗೆ ನೈಕ್ರೋಮ್ ಸುರುಳಿ, ಸುತ್ತ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಮಳೆಗಾಲದಲ್ಲಿ ಕೆಲವು ದಿನ ಓವನ್ ನಿಂತಿದ್ದರೆ ಆ ಪುಡಿ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಇದು ಹೆಚ್ಚು. ಆಗ ಕರೆಂಟು ಸ್ವಲ್ಪಸ್ವಲ್ಪವೇ ಓವನ್‌ನ ಮೈಗೆ ಸೋರುತ್ತದೆ. ಸೆನ್ಸರ್‌ನ ಬೆಸುಗೆ ಅದರ ಸ್ಟೀಲ್ ಕವಚಕ್ಕೇ ಸೇರಿಕೊಂಡಿರುವ ಬಗೆಯದಾಗಿದ್ದು, ಅರ್ಥಿಂಗ್ ಕೂಡ ದುರ್ಬಲವಾಗಿದ್ದರೆ, ಆ ಸೋರಿಕೆ ಮಿಲಿವೋಲ್ಟ್‌ಗಳ ದಾರಿಗೆ ನುಗ್ಗಿ ಅಂಕಿಯನ್ನು ಕುಣಿಸುತ್ತದೆ. ಸೋರಿಕೆ ಕಂಡರೆ ಕರೆಂಟು ಕಡಿಯುವ ಆರ್‌ಸಿಸಿಬಿ ಸ್ವಿಚ್ ಪದೇಪದೇ ಬೀಳುತ್ತಿದ್ದರೆ, ಅಥವಾ ಬೀಳುತ್ತದೆಂದು ಯಾರಾದರೂ ಅದನ್ನು ತೆಗೆದುಹಾಕಿಸಿದ್ದರೆ, ಈ ಕಡೆಗೆ ಮೊದಲು ನೋಡಬೇಕು.

ಹೀಟರ್‌ನ ತಂತಿಗಳನ್ನೆಲ್ಲ ಬಿಚ್ಚಿ, 500 ವೋಲ್ಟ್ ಮೆಗ್ಗರ್‌ನಿಂದ (ಸೋರಿಕೆ ಪರೀಕ್ಷಿಸುವ ಮೀಟರ್) ಪ್ರತಿ ಹೀಟರ್‌ನ ತುದಿಗೂ ಓವನ್‌ನ ಮೈಗೂ ನಡುವೆ ಅಳೆಯಬೇಕು. ಒಂದು ಮೆಗಾ ಓಮ್‌ಗಿಂತ ಕೆಳಗೆ ಬಂದ ಹೀಟರ್ ಅನ್ನು ನಾನು ಹಾಗೆಯೇ ಮರಳಿ ಜೋಡಿಸುವುದಿಲ್ಲ. ತೇವದಿಂದಷ್ಟೇ ಕುಸಿದಿದ್ದರೆ ಹೊರಗೆ ತೆಗೆದು ನಿಧಾನವಾಗಿ ಒಣಗಿಸಿದಾಗ ಮೌಲ್ಯ ಮೇಲೇರುತ್ತದೆ, ಏರದಿದ್ದರೆ ಬದಲಿಸಬೇಕು. ಮೆಗ್ಗರ್ ಹಿಡಿಯುವ ಮೊದಲು ಕಂಟ್ರೋಲರ್‌ನ ತಂತಿಗಳನ್ನೂ ಬಿಚ್ಚಿರಬೇಕು, ಅದರ 500 ವೋಲ್ಟ್ ಎಲೆಕ್ಟ್ರಾನಿಕ್ ಭಾಗಕ್ಕೆ ಹೋದರೆ ಇಲ್ಲದ ದೋಷವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ಸೋರಿಕೆ ಇಲ್ಲದೆಯೂ ಅಂಕಿ ಕುಣಿಯುತ್ತಿದ್ದರೆ ಸೆನ್ಸರ್ ಕೇಬಲ್ ಅನ್ನು ಹೀಟರ್ ವೈರ್‌ಗಳ ಜೊತೆ ಒಂದೇ ಕಟ್ಟಿನಲ್ಲಿ ಕಟ್ಟಲಾಗಿದೆಯೇ ಎಂದು ನೋಡಿ, ಬೇರೆ ದಾರಿಯಲ್ಲಿ ಒಯ್ದರೆ ಬಹುಪಾಲು ಶಾಂತವಾಗುತ್ತದೆ.

ರಿಪೇರಿಯ ನಂತರ

ತುಮಕೂರಿನ ಓವನ್‌ಗೆ ಸೆನ್ಸರ್‌ನಿಂದ ಕಂಟ್ರೋಲರ್‌ವರೆಗೆ ನಡುವೆ ಎಲ್ಲೂ ಗಂಟಿಲ್ಲದ ಹೊಸ ಕೆ ಕೇಬಲ್ ಎಳೆದೆವು. ಹಳೆಯ ಪಟ್ಟಿಯ ಚೂಪು ಅಂಚನ್ನು ಅರದಿಂದ ಉಜ್ಜಿ, ಅಲ್ಲಿ ಕೇಬಲ್‌ಗೆ ಹೆಚ್ಚುವರಿ ಫೈಬರ್‌ಗ್ಲಾಸ್ ಸ್ಲೀವ್ ಹಾಕಿ, ಚೌಕಟ್ಟು ಹಿಗ್ಗಿದರೂ ಎಳೆತ ಬೀಳದಂತೆ ಎರಡು ಬೆರಳಿನಷ್ಟು ಸಡಿಲ ಬಿಟ್ಟು ಕಟ್ಟಿದೆವು. ಎರಡನೆಯ ಸಲ ತೆಗೆದಿಟ್ಟಿದ್ದ ಸೆನ್ಸರ್ ಅನ್ನು ಕುದಿಯುವ ನೀರಿನಲ್ಲಿ ಪರೀಕ್ಷಿಸಿದಾಗ 97 ತೋರಿಸಿತು. ಅದು ಈಗ ಕೆಳಗಿನ ಡೆಕ್‌ನ ಬದಲಿ ಸೆನ್ಸರ್ ಆಗಿ ಡಬ್ಬಿಯಲ್ಲಿದೆ.

ಖಾಲಿ ಓವನ್ ಅನ್ನು 220 ಡಿಗ್ರಿಗೆ ಕಾಯಿಸಿ, ಒಂದು ಗಂಟೆ ಅಲ್ಲೇ ನಿಲ್ಲಿಸಿ, ಬಾಗಿಲನ್ನು ಹತ್ತಾರು ಸಲ ತೆರೆದು ಮುಚ್ಚಿ, ಪೂರ್ತಿ ಆರಲು ಬಿಟ್ಟು ಮತ್ತೊಮ್ಮೆ ಕಾಯಿಸಿದೆವು. ಕಾದಾಗ ಬರುವ ದೋಷವನ್ನು ಒಂದೇ ಸಲದ ಕಾಯಿಸುವಿಕೆಯಿಂದ ಹೋಯಿತೆನ್ನಲು ಬರುವುದಿಲ್ಲ. ಎರಡನೆಯ ಸಲವೂ ಅಂಕಿ ಅಲುಗಲಿಲ್ಲ. ಕೊನೆಯಲ್ಲಿ ಪ್ಯಾನೆಲ್ ಬಾಗಿಲಿನ ಒಳಬದಿಗೆ ಒಂದು ಚೀಟಿ ಅಂಟಿಸಿ, ಸೆನ್ಸರ್ ಕೆ ಮಾದರಿಯದು, ಯಾವ ಬಣ್ಣ ಯಾವ ಟರ್ಮಿನಲ್‌ಗೆ, ತಣ್ಣಗಿರುವಾಗ ಓಮ್ ಎಷ್ಟು, 200 ಡಿಗ್ರಿಯಲ್ಲಿ ಮಿಲಿವೋಲ್ಟ್ ಎಷ್ಟು, ಕೇಬಲ್ ಬದಲಿಸಿದ ದಿನಾಂಕ ಯಾವುದು ಎಂಬುದನ್ನು ಬರೆದಿಟ್ಟು, ಮುಂದೆ ಯಾರೇ ಬಂದರೂ ಸೆನ್ಸರ್ ಬಿಚ್ಚುವ ಮೊದಲು ಈ ಚೀಟಿಯನ್ನು ತೋರಿಸಬೇಕೆಂದು ಮಾಲೀಕರಿಗೆ ಹೇಳಿ ಬಂದೆ.